ನಿದಾನಕ್ಕೆ ನಿಧಾನ ಬೇಕು

ಹೊಸಪೇಟೆ, ಹಂಪೆ, ಕಂಪ್ಲಿ, ಸಂಡೂರು ಈ ನಾಲ್ಕು ಊರುಗಳ ನಡುವೆ ಹಗಲಿರುಳೂ ಓಡಾಡುವ ಪಿಕಪ್ ಗಾಡಿಗಳನ್ನು ವಾಚಕರು ಕಂಡೇ ಇರುವರು. ಕಂಪ್ಲಿಯ ಬತ್ತದ ಚೀಲ, ಹಂಪೆಯ ಸುತ್ತಿನ ತೋಟಗಳ ಬಾಳೆಗೊನೆ, ಮದುವೆಮನೆಯ ಪಾತ್ರೆಪಡಗ, ಎಲ್ಲವೂ ಇವುಗಳ ಬೆನ್ನಿನ ಮೇಲೆಯೇ ಸಾಗುವುವು. ಹಿಂದೆ ಒಂದು ಜೊತೆ ಎತ್ತು ಒಂದು ಸಂಸಾರವನ್ನು ಸಾಕುತ್ತಿದ್ದಂತೆ ಇಂದು ಒಂದು ಪಿಕಪ್ ಒಂದು ಸಂಸಾರವನ್ನು ಸಾಕುವುದು. ಎತ್ತು ಮೇವು ಬಿಟ್ಟಿತೆಂದರೆ ಆ ಮನೆಯವರ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಗಾಡಿಯ ಎಂಜಿನ್ನು ತನ್ನ ಸದ್ದನ್ನು ಬದಲಿಸಿದರೂ ಈಗ ಅದೇ ಅವಸ್ಥೆ.

ಇಂಥದೊಂದು ಪ್ರಸಂಗವು ನಮ್ಮ ಮನೆಯಲ್ಲಿಯೇ ನಡೆಯಿತು. ನಮ್ಮ ತಮ್ಮನ ಮಗನು ಬ್ಯಾಂಕಿನ ಸಾಲದಿಂದ ಕೊಂಡ ಡೀಸೆಲ್ ಪಿಕಪ್ಪೊಂದನ್ನು ನಡಸಿ ಜೀವನಮಾಡುತ್ತಿರುವನು. ಒಂದು ಸಂಜೆ ಗ್ಯಾರೇಜಿನಲ್ಲಿ ಎಂಜಿನ್ ಆಯಿಲನ್ನೂ ಫಿಲ್ಟರನ್ನೂ ಬದಲಿಸಿಕೊಂಡು ಬಂದನು. ಮರುದಿನ ಬೆಳಿಗ್ಗೆ ಗಾಡಿಯನ್ನು ಚಾಲೂ ಮಾಡಲು, ಗೋಡೆಗಡಿಯಾರವೊಂದು ಹುಚ್ಚು ಹಿಡಿದು ಓಡಿದಂತೆ ಟಿಕ್ ಟಿಕ್ ಎಂಬ ಸದ್ದು ಹೊರಟಿತು. ಬೀದಿಯಲ್ಲಿ ನೆರೆದವರಲ್ಲಿ ಒಬ್ಬನು “ಆಯಿಲು ಕಲಬೆರಕೆಯದು” ಎಂದನು. ಇನ್ನೊಬ್ಬನು “ದಪ್ಪನೆಯ ಆಯಿಲು ಸುರಿ, ಸದ್ದು ಅಡಗುತ್ತದೆ” ಎಂದನು. ಮೇಸ್ತ್ರಿಯೊಬ್ಬನು ಬಂದು ಅರೆನಿಮಿಷ ಕಿವಿಗೊಟ್ಟು, “ಎಂಜಿನ್ ಬಿಚ್ಚಬೇಕ್ರಿ” ಎಂದು ಖರ್ಚಿನ ಮೊತ್ತವನ್ನೂ ಹೇಳಿ ಹೊರಟುಹೋದನು. ಹುಡುಗನ ತಾಯಿಯು ಮಾತನಾಡದೆ ಒಳಗೆ ಹೋಗಿ ತನ್ನ ಎರಡು ಬಂಗಾರದ ಬಳೆಗಳನ್ನು ತಂದು ಜಗಲಿಯ ಮೇಲಿಟ್ಟಳು. ಅದನ್ನು ಕಂಡು ನಾವು ಸುಮ್ಮನಿರಲಾರದೆ, “ಬಳೆಗಳನ್ನು ಒಳಗಿಡಮ್ಮಾ, ಇವೊತ್ತೊಂದು ದಿನ ಗಾಡಿ ನಿಂತಿರಲಿ” ಎಂದೆವು.

ನಾವು ಯಂತ್ರವಿದ್ಯೆಯನ್ನು ಕಲಿತವರಲ್ಲ. ಶಾಲೆಯಲ್ಲಿ ಮಕ್ಕಳಿಗೆ ಶಬ್ದರೂಪಗಳನ್ನು ಹೇಳಿಕೊಟ್ಟು ನಿವೃತ್ತರಾದವರು. ಆದರೆ ರೋಗವನ್ನರಿಯುವ ಕ್ರಮವು ದೇಹಕ್ಕೂ ಯಂತ್ರಕ್ಕೂ ಬೇರೆಯಲ್ಲವೆಂಬುದು ನಮ್ಮ ನಂಬಿಕೆ. ಆಯುರ್ವೇದದಲ್ಲಿ ಮಾಧವನಿದಾನವೆಂಬ ಪ್ರಸಿದ್ಧ ಗ್ರಂಥವುಂಟು. ಅದನ್ನು ಬರೆದ ಮಾಧವನು ನಮ್ಮ ಹಂಪೆಯ ವಿದ್ಯಾರಣ್ಯರಲ್ಲ, ಅವರಿಗಿಂತ ಹಲವು ಶತಮಾನ ಹಿಂದಿನವನು. ರೋಗವನ್ನು ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿಯೆಂಬ ಐದು ಬಾಗಿಲುಗಳಿಂದ ನೋಡಬೇಕೆಂಬುದು ಆ ಶಾಸ್ತ್ರದ ಮತ. ಕಾರಣವೇನು, ಮುನ್ಸೂಚನೆಯೇನು, ಲಕ್ಷಣವೇನು, ಯಾವುದರಿಂದ ಶಮನವಾಗುವುದು, ಒಳಗೆ ಕೆಡಕು ಹೇಗೆ ಬೆಳೆಯಿತು ಎಂದು ಅರ್ಥ. ಬಿಚ್ಚುವ ಮಾತು ಈ ಐದರಲ್ಲಿ ಎಲ್ಲಿಯೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಮೊದಲಿಗೆ ಕಾರಣದ ವಿಚಾರ. ಕಾಗೆ ಬಂದು ತಾಳೆಮರದ ಮೇಲೆ ಕುಳಿತಿತು, ಅದೇ ಕ್ಷಣಕ್ಕೆ ಹಣ್ಣು ಬಿದ್ದಿತು. ಕಾಗೆಯೇ ಹಣ್ಣನ್ನು ಕೆಡವಿತೆಂದು ತಿಳಿಯಬಾರದೆಂಬುದಕ್ಕೆ ನಮ್ಮ ಹಿರಿಯರು ಕಾಕತಾಳೀಯ ನ್ಯಾಯವೆಂದರು. ಆಯಿಲು ಬದಲಿಸಿದ ಮೇಲೆ ಸದ್ದು ಬಂದಿತೆಂಬ ಮಾತ್ರಕ್ಕೆ ಆಯಿಲಿನಿಂದಲೇ ಬಂದಿತೆಂದು ಹೇಳಲಾಗದು. ಆದರೂ ನಿನ್ನೆಯಿಲ್ಲದ್ದು ಇಂದು ಕಾಣಿಸಿಕೊಂಡಾಗ, ನಿನ್ನೆ ಕೈಯಾಡಿಸಿದ ಸ್ಥಳಗಳನ್ನೇ ಮೊದಲು ನೋಡುವುದು ವಿವೇಕ. ಆ ಸ್ಥಳಗಳೂ ಬಹಳವಿಲ್ಲ. ಆಯಿಲಿನ ಅಳತೆ, ಆಯಿಲಿನ ದರ್ಜೆ, ಫಿಲ್ಟರು, ತಳದ ಡ್ರೈನ್ ಬೋಲ್ಟು, ಎಂಜಿನ್ನಿನ ಅಡಿಯಲ್ಲಿ ಕಲ್ಲು ಸಿಡಿಯದಂತೆ ಕಟ್ಟಿದ ತಗಡು, ಇಷ್ಟೇ.

ಎಂಜಿನ್ನಿನಲ್ಲಿ ಆಯಿಲು ಮಾಡುವ ಕೆಲಸವನ್ನು ತಿಳಿದರೆ ಸದ್ದಿನ ಹುಟ್ಟು ತಾನಾಗಿಯೇ ತಿಳಿಯುವುದು. ಮೇಸ್ತ್ರಿಗಳು ಚೇಂಬರೆನ್ನುವ ತಳದ ತೊಟ್ಟಿಯಿಂದ ಆಯಿಲನ್ನು ಪಂಪೊಂದು ಮೇಲಕ್ಕೆತ್ತಿ, ಫಿಲ್ಟರಿನ ಮೂಲಕ ಸೋಸಿ, ತಿರುಗುವ ಪ್ರತಿಯೊಂದು ಸಂದಿಗೂ ಒತ್ತಡದಿಂದ ತಳ್ಳುವುದು. ಲೋಹ ಲೋಹವನ್ನು ಮುಟ್ಟದಂತೆ ನಡುವೆ ತೆಳುವಾದ ಪೊರೆಯಾಗಿ ನಿಲ್ಲುವುದೂ, ಬಿಸಿಯನ್ನು ಹೊತ್ತೊಯ್ಯುವುದೂ, ಮಸಿಯನ್ನು ತೊಳೆಯುವುದೂ ಅದರ ಕೆಲಸ. ಕೆಲವು ಎಂಜಿನ್ನುಗಳಲ್ಲಿ ವಾಲ್ವುಗಳನ್ನು ಒತ್ತುವ ಟ್ಯಾಪೆಟ್ಟುಗಳ ಒಳಗೂ ಆಯಿಲು ತುಂಬಿಕೊಂಡು, ಸಡಿಲು ಉಳಿಯದಂತೆ ಮಾಡುವುದು. ಒತ್ತಡ ತಗ್ಗಿದರೆ, ಅಥವಾ ಆಯಿಲಿನಲ್ಲಿ ಗಾಳಿ ಬೆರೆತರೆ ಟ್ಯಾಪೆಟ್ಟು ಮೆತ್ತಗಾಗಿ ಸಡಿಲು ಹುಟ್ಟುವುದು. ಸಡಿಲಿದ್ದಲ್ಲಿ ಬಡಿತ, ಬಡಿತವಿದ್ದಲ್ಲಿ ಟಿಕ್ ಟಿಕ್.

ಗಾಳಿ ಬೆರೆಯುವುದು ಹೇಗೆಂದರೆ, ಆಯಿಲು ಕಡಿಮೆಯಾದಾಗ ಪಂಪು ಗಾಳಿಯನ್ನು ಹೀರಬಹುದು. ಇದು ಎಲ್ಲರಿಗೂ ತಿಳಿದ ಮಾತು. ಆದರೆ ಹೆಚ್ಚಾದರೂ ಅದೇ ಕೇಡು ಬರುವುದೆಂಬುದನ್ನು ಬಹುಮಂದಿ ಅರಿಯರು. ತೊಟ್ಟಿಯಲ್ಲಿ ಆಯಿಲಿನ ಮಟ್ಟ ಏರಿದರೆ ರಭಸದಿಂದ ತಿರುಗುವ ಕ್ರ್ಯಾಂಕು ಅದನ್ನು ಮಜ್ಜಿಗೆಯಂತೆ ಕಡೆದು ನೊರೆಮಾಡುವುದು. ನೊರೆಯು ಟ್ಯಾಪೆಟ್ಟಿಗೆ ಆಧಾರ ಕೊಡಲಾರದು.

ಇನ್ನು ದರ್ಜೆಯ ಮಾತು. ಡಬ್ಬಿಯ ಮೇಲೆ ೧೫-ಡಬ್ಲ್ಯು-೪೦ ಎಂದು ಬರೆದಿದ್ದರೆ, ಮೊದಲಿನ ಅಂಕೆಯು ಚಳಿಯಲ್ಲಿ ಅದು ಹರಿಯುವ ಬಗೆಯನ್ನೂ, ಕೊನೆಯ ಅಂಕೆಯು ೧೦೦ ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಅದರ ಗಟ್ಟಿತನವನ್ನೂ ಸೂಚಿಸುವುದು. ೪೦ ಇರಬೇಕಾದಲ್ಲಿ ೩೦ ಹಾಕಿದರೆ ಎಂಜಿನ್ನು ಕಾದಾಗ ಒತ್ತಡ ತಗ್ಗಿ ಸದ್ದು ಬರಬಹುದು. ಹಾಗೆಂದು ಸದ್ದಡಗಿಸಲು ದಪ್ಪನೆಯ ಆಯಿಲನ್ನು ಸುರಿಯುವುದು, ಜ್ವರದ ಮೂಲವನ್ನು ನೋಡದೆ ಮೈಯನ್ನು ತಣ್ಣೀರಿನಿಂದ ಒರೆಸಿದಂತೆ. ಬೆಳಗಿನ ಹೊತ್ತು ಅದು ಮೇಲಣ ಸಂದುಗಳಿಗೆ ತಡವಾಗಿ ತಲುಪಿ, ಸವೆತವನ್ನು ಹೆಚ್ಚಿಸುವುದು. ಗಾಡಿಯೊಡನೆ ಬಂದ ಪುಸ್ತಕದಲ್ಲಿ ಹೇಳಿದ ದರ್ಜೆಯೇ ಪ್ರಮಾಣ.

ಫಿಲ್ಟರಿನಲ್ಲಿಯೂ ಎರಡು ದೋಷಗಳುಂಟು. ಎಂಜಿನ್ನು ನಿಂತಾಗ ಆಯಿಲು ಹಿಂದಕ್ಕೆ ಇಳಿಯದಂತೆ ಅನೇಕ ಫಿಲ್ಟರುಗಳ ಒಳಗೆ ರಬ್ಬರಿನ ತಡೆಯೊಂದಿರುವುದು. ಕಳಪೆ ಫಿಲ್ಟರಿನಲ್ಲಿ ಅದು ಕೆಲಸಮಾಡದೆ, ರಾತ್ರಿಯೆಲ್ಲ ಆಯಿಲು ಕೆಳಗಿಳಿದು, ಬೆಳಿಗ್ಗೆ ಕೆಲವು ಕಾಲ ಟಿಕ್ ಎನ್ನುವುದು. ಎರಡನೆಯದು, ಹಳೆಯ ಫಿಲ್ಟರಿನ ರಬ್ಬರ್ ಉಂಗುರವು ಎಂಜಿನ್ನಿಗೇ ಅಂಟಿ ಉಳಿದು, ಅದರ ಮೇಲೆ ಹೊಸದನ್ನು ಬಿಗಿಯುವುದು. ಆಗ ಆಯಿಲು ಸೋರುವುದು; ಒಮ್ಮೊಮ್ಮೆ ಧಾರೆಯಾಗಿಯೇ ಹರಿಯುವುದು.

ಈಗ ಪೂರ್ವರೂಪ. “ಈ ಸದ್ದು ಮೊದಲೂ ಇದ್ದಿತೆ? ನಿಜವಾಗಿ ಹೇಳು” ಎಂದು ಹುಡುಗನನ್ನು ಕೇಳಿದೆವು. “ಇರಲಿಲ್ಲ ದೊಡ್ಡಪ್ಪಾ” ಎಂದನು. ಹೊಸ ಫಿಲ್ಟರು ಬರಿದಾಗಿರುವುದರಿಂದ, ಬದಲಿಸಿದೊಡನೆ ಮೊದಲ ಸಲ ಕೆಲವು ಸೆಕೆಂಡು ಸದ್ದಾಗುವುದು ಸಹಜ. ಅದು ನಿಲ್ಲದಿದ್ದರೆ ಮಾತ್ರ ಯೋಚಿಸಬೇಕು. ಎಲ್ಲಕ್ಕಿಂತ ಮುಖ್ಯವಾದುದು, ಮುಂದಿನ ಫಲಕದಲ್ಲಿ ಎಣ್ಣೆಗಿಂಡಿಯ ಆಕಾರದ ಕೆಂಪು ದೀಪ. ಅದು ಆಯಿಲು ಎಷ್ಟಿದೆಯೆಂದು ಹೇಳುವುದಿಲ್ಲ, ಒತ್ತಡ ಬಿದ್ದುಹೋಗಿದೆಯೆಂದು ಹೇಳುವುದು. ಎಂಜಿನ್ನು ಚಾಲೂ ಆದ ಕೆಲವು ಸೆಕೆಂಡುಗಳಲ್ಲಿ ಅದು ಆರಲೇಬೇಕು. ಆರದಿದ್ದರೆ, ಅಥವಾ ದಾರಿಯಲ್ಲಿ ಹೊತ್ತಿಕೊಂಡರೆ, ಆ ಕ್ಷಣವೇ ಎಂಜಿನ್ನನ್ನು ನಿಲ್ಲಿಸಬೇಕು.

ನಮ್ಮ ಹಳೆಯ ಶಿಷ್ಯನೊಬ್ಬನು ಸಂಡೂರಿನ ಬೆಟ್ಟದ ದಾರಿಯಲ್ಲಿ ಅದಿರಿನ ಲಾರಿಯನ್ನು ನಡಸುತ್ತಿದ್ದನು. ಒಂದು ಸಂಜೆ ಏರಿನಲ್ಲಿ ಆ ಕೆಂಪು ದೀಪ ಮಿನುಗಿತು. ಊರು ಹತ್ತಿರವೇ ಇದೆ, ತಲುಪಿದ ಮೇಲೆ ನೋಡೋಣವೆಂದು ಅವನು ಮುಂದೆ ಹೊರಟನು. ಊರು ಕಾಣುವ ಮೊದಲೇ ಟಿಕ್ ಎಂಬುದು ಧಡ್ ಧಡ್ ಎಂದಾಗಿ, ಬೇರಿಂಗು ಕರಗಿ, ಕ್ರ್ಯಾಂಕು ಹಿಡಿದುಕೊಂಡಿತು. ಎರಡು ತಿಂಗಳು ಅವನಿಗೆ ಕೆಲಸವಿಲ್ಲದೆ ಹೋಯಿತು. ಬಿಚ್ಚುವ ಆತುರವು ಹೇಗೆ ತಪ್ಪೋ ಓಡಿಸುವ ಆತುರವೂ ಹಾಗೆಯೇ ತಪ್ಪು.

ಇನ್ನು ರೂಪ, ಎಂದರೆ ಸದ್ದಿನ ಲಕ್ಷಣ. ನಿಂತಲ್ಲಿಯೇ ಮೆಲ್ಲಗೆ ನಡೆಯುವ ಎಂಜಿನ್ನಿನ ಕ್ರ್ಯಾಂಕು ನಿಮಿಷಕ್ಕೆ ೮೦೦ ಸಲ ತಿರುಗುವುದೆಂದು ಇಟ್ಟುಕೊಂಡರೆ, ವಾಲ್ವುಗಳನ್ನು ತೆರೆಯುವ ಕ್ಯಾಮು ಅದರ ಅರ್ಧ, ೪೦೦ ಸಲ ಮಾತ್ರ ತಿರುಗುವುದು. ಆದುದರಿಂದ ಒಂದು ಟ್ಯಾಪೆಟ್ಟು ಸಡಿಲಾದರೆ ಸೆಕೆಂಡಿಗೆ ಆರೇಳು ಟಿಕ್ ಕೇಳಿಸುವುದು. ಸದ್ದು ಹಗುರ, ಮೇಲ್ಭಾಗದ್ದು. ಬೇರಿಂಗಿನದು ಕೆಳಗಿನಿಂದ ಬರುವ ಭಾರವಾದ ಗುದ್ದು. ಹೊರೆ ಹೆಚ್ಚಿದಂತೆ ಅದೂ ಹೆಚ್ಚುವುದು. ಹೊಗೆಕೊಳವೆಯ ಸಂದಿಯಲ್ಲಿ ಬಿರುಕಿದ್ದರೂ ಟಿಕ್ ಎನ್ನುವುದುಂಟು. ಎಂಜಿನ್ನು ತಣ್ಣಗಿರುವಾಗ ಅದು ಜೋರಾಗಿದ್ದು, ಲೋಹ ಕಾದು ಹಿಗ್ಗಿದಂತೆ ಕುಗ್ಗುವುದು. ಡೀಸೆಲ್ಲನ್ನು ಚಿಮ್ಮಿಸುವ ಇಂಜೆಕ್ಟರುಗಳ ಮಿತವಾದ ಟಿಕ್ ಆ ಜಾತಿಯ ಎಂಜಿನ್ನಿಗೆ ಸಹಜಧ್ವನಿ. ಅವುಗಳ ಕೊಳವೆಗಳನ್ನು ಮನೆಯಲ್ಲಿ ಯಾರೂ ಸಡಿಲಿಸಬಾರದು. ಈಗಿನ ಗಾಡಿಗಳಲ್ಲಿ ಅಲ್ಲಿಯ ಒತ್ತಡವು ಚರ್ಮವನ್ನು ತೂರಿಹೋಗುವಷ್ಟು ಭಯಂಕರವಾದುದು.

ಸದ್ದಿನ ಸ್ಥಳವನ್ನು ಹಿಡಿಯುವುದಕ್ಕೆ ಸುಲಭಸಾಧನವೊಂದುಂಟು. ೧೮೧೬ರಲ್ಲಿ ಪ್ಯಾರಿಸ್ಸಿನ ವೈದ್ಯನಾದ ಲೆನೆಕ್ ಎಂಬವನು ಕಾಗದವನ್ನು ಸುರುಳಿಸುತ್ತಿ ರೋಗಿಯ ಎದೆಯ ಮೇಲಿಟ್ಟು ಕೇಳಿದನು. ಅದರಿಂದಲೇ ಸ್ಟೆತೊಸ್ಕೋಪು ಹುಟ್ಟಿತು. ಮೇಸ್ತ್ರಿಗಳು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ ಹಿಡಿಯನ್ನು ಕಿವಿಗೆ ಆನಿಸುವುದೂ ಅದೇ ಉಪಾಯ. ಘನವಸ್ತುವಿನಲ್ಲಿ ನಾದವು ಚೆನ್ನಾಗಿ ಹರಿಯುವುದೆಂಬುದಕ್ಕೆ ನಮ್ಮ ಹಂಪೆಯ ವಿಠ್ಠಲಾಲಯದ ಸಂಗೀತಸ್ತಂಭಗಳೇ ಸಾಕ್ಷಿ. ಅವು ಸವೆಯಬಾರದೆಂದು ಈಗ ತಟ್ಟಲು ಬಿಡುವುದಿಲ್ಲ. ನಡೆಯುತ್ತಿರುವ ಎಂಜಿನ್ನಿನ ಬಳಿ ಬಾಗುವವರು ಶಲ್ಯ, ಪಂಚೆ, ಸೆರಗುಗಳನ್ನು ಬಿಗಿದು, ಫ್ಯಾನು ಮತ್ತು ಬೆಲ್ಟಿನಿಂದ ದೂರವಿರಬೇಕು.

ಅಂದು ನಾವು ಮಾಡಿದುದಿಷ್ಟು. ಕೆಂಪು ದೀಪವು ಸರಿಯಾಗಿ ಆರುತ್ತಿದ್ದಿತು. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ಹತ್ತು ನಿಮಿಷ ಕಾದು, ಅಳತೆಕಡ್ಡಿಯನ್ನು ಒರೆಸಿ ಮತ್ತೆ ಇಳಿಬಿಟ್ಟು ನೋಡಿದೆವು. ಎರಡು ಗುರುತುಗಳ ನಡುವೆ ಇರಬೇಕಾದ ಆಯಿಲು ಮೇಲಿನ ಗುರುತನ್ನು ದಾಟಿ ಎರಡು ಬೆರಳು ಏರಿದ್ದಿತು. ಕಡ್ಡಿಯ ಮೇಲೆ ಸಣ್ಣ ಗುಳ್ಳೆಗಳೂ ಕಂಡುವು. ಹಳೆಯ ಆಯಿಲು ಪೂರ್ತಿ ಇಳಿಯುವ ಮೊದಲೇ ಬೋಲ್ಟು ಬಿಗಿದು, ಹೊಸ ಡಬ್ಬಿಯನ್ನು ಪೂರ್ತಿ ಬರಿದುಮಾಡಿದ್ದರೆಂದು ವಿಚಾರಿಸಲು ತಿಳಿಯಿತು. ಓಣಿಯ ಕೊನೆಯಲ್ಲಿರುವ ವೃದ್ಧ ಮೇಸ್ತ್ರಿಯನ್ನು ಕರೆಸಿ, ಹೆಚ್ಚಿನ ಆಯಿಲನ್ನು ತೆಗೆಸಿ, ಎಂಜಿನ್ನನ್ನು ಮತ್ತೆ ನಡಸಿದೆವು. ಕಾಲು ಗಂಟೆಯಲ್ಲಿ ಸದ್ದು ಮುಕ್ಕಾಲು ಪಾಲು ಅಡಗಿತು. ಇದೇ ಉಪಶಯ, ಔಷಧವೇ ರೋಗವನ್ನು ಗುರುತಿಸಿಕೊಟ್ಟಿತು.

ಆದರೆ ಕಾಲು ಪಾಲು ಉಳಿದೇ ಇದ್ದಿತು. ವೃದ್ಧನು ಸ್ಕ್ರೂಡ್ರೈವರನ್ನು ಮೇಲಿನಿಂದ ಕೆಳಕ್ಕೆ ಒಂದೊಂದು ಸ್ಥಳಕ್ಕೂ ತಾಗಿಸುತ್ತ ಬಂದು, ಕೊನೆಗೆ ಅಡಿಯ ತಗಡಿನ ಬಳಿ ನಿಂತು ನಕ್ಕನು. ನಾಲ್ಕು ಬೋಲ್ಟುಗಳಲ್ಲಿ ಒಂದನ್ನು ಹಾಕುವುದಕ್ಕೇ ಮರೆತಿದ್ದರು. ತಗಡು ಕಂಪಿಸಿ ಚೇಂಬರಿಗೆ ತಾಗುತ್ತಿದ್ದಿತು. ಬೋಲ್ಟು ಹಾಕಿದೊಡನೆ ಉಳಿದ ಸದ್ದೂ ನಿಂತಿತು. “ಬಿಚ್ಚೋದು ಸುಲಭ ಮೇಷ್ಟ್ರೇ, ಕೇಳೋದು ಕಷ್ಟ” ಎಂದು ಹೇಳಿ ಅವನು ತೆಗೆದುಕೊಂಡ ಕೂಲಿಯನ್ನು ಇಲ್ಲಿ ಬರೆದರೆ ವಾಚಕರು ನಂಬಲಾರರು.

ಇಷ್ಟರಿಂದಲೂ ಸದ್ದು ನಿಲ್ಲದಿದ್ದರೆ ಮುಂದಿನ ಕ್ರಮವೂ ಉಂಟು. ಯೋಗ್ಯವಾದ ಫಿಲ್ಟರನ್ನೂ ದರ್ಜೆಯ ಆಯಿಲನ್ನೂ ಹಾಕಿಸುವುದು. ಗೇಜು ಹಚ್ಚಿ ನಿಜವಾದ ಒತ್ತಡವನ್ನು ಅಳೆಸುವುದು. ಟ್ಯಾಪೆಟ್ಟಿನ ಸಡಿಲನ್ನು ತಿದ್ದಬರುವ ಎಂಜಿನ್ನಾದರೆ ಅದನ್ನು ತಿದ್ದಿಸುವುದು. ಇವೆಲ್ಲ ಮುಗಿದ ಮೇಲೆ, ಎಂಜಿನ್ನನ್ನು ಬಿಚ್ಚುವ ಮಾತು. ಪ್ರತಿಸಲವೂ ಒಂದೊಂದನ್ನೇ ಬದಲಿಸಿ ನೋಡಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದೇ ತಿಳಿಯದು.

ಸಂಸ್ಕೃತದಲ್ಲಿ ನಿದಾನವೆಂದರೆ ಮೂಲಕಾರಣ. ನಮ್ಮ ಕನ್ನಡದಲ್ಲಿ ನಿಧಾನವೆಂದರೆ ತಾಳ್ಮೆ. ಎರಡರ ನಡುವೆ ಅಂತರವು ಒಂದು ಮಹಾಪ್ರಾಣದ್ದು ಮಾತ್ರ. ಗ್ಯಾರೇಜಿನಿಂದ ಗಾಡಿಯನ್ನು ತರುವ ಮೊದಲು ಅಳತೆಕಡ್ಡಿಯನ್ನು ತಾನೇ ಎಳೆದು ನೋಡುವುದೂ, ಗಾಡಿಯ ಅಡಿಗೆ ಒಮ್ಮೆ ಬಾಗಿ ನೋಡುವುದೂ ಐದು ನಿಮಿಷದ ಕೆಲಸ. ಹುಡುಗನು ಈಗ ಅದನ್ನು ತಪ್ಪದೆ ಮಾಡುತ್ತಿರುವನು. ಮರುದಿನ ಅವನು ಕಂಪ್ಲಿಗೆ ಬತ್ತ ತರಲು ಹೊರಟಾಗ, ಬಾಗಿಲಲ್ಲಿ ನಿಂತು ಕೈಬೀಸಿದ ಅವನ ತಾಯಿಯ ಕೈಯಲ್ಲಿ ಆ ಎರಡು ಬಳೆಗಳೂ ಇದ್ದುವು.