ಕಪ್ಪುಕುಳಿ ಹೀರುವುದಿಲ್ಲ

ನಮ್ಮ ಭೂಮಿಯನ್ನು ಹಿಂಡಿ ಹಿಂಡಿ ಒಂದು ಗೋಲಿಯಷ್ಟು ಮಾಡಿದೆವು ಎಂದುಕೊಳ್ಳಿ. ಹಿಮಾಲಯ, ಹಿಂದೂ ಮಹಾಸಾಗರ, ಒಡಲೊಳಗಿನ ಕಬ್ಬಿಣದ ತಿರುಳು ಎಲ್ಲವೂ ಒಂದು ಚೂರೂ ಸೋರದೆ ಆ ಗೋಲಿಯೊಳಗೇ ಇವೆ. ಅದರ ಅಡ್ಡಳತೆ ಸುಮಾರು 18 ಮಿಲಿಮೀಟರಿಗೆ ಇಳಿದ ಗಳಿಗೆಯಲ್ಲಿ ಭೂಮಿ ಕಪ್ಪುಕುಳಿಯಾಗುತ್ತದೆ. ಆಗ ಚಂದ್ರನ ಗತಿಯೇನು?

ಕಪ್ಪುಕುಳಿ ಅವನನ್ನು ಎಳೆದು ನುಂಗಿಬಿಡುತ್ತದೆ ಎಂದೇ ಹೆಚ್ಚಿನವರು ಹೇಳುತ್ತಾರೆ. ನಿಜವಾಗಿ ಚಂದ್ರನಿಗೆ ಏನೂ ಆಗುವುದಿಲ್ಲ. 3,84,000 ಕಿ.ಮೀ. ದೂರದಲ್ಲಿ ಅವನು ಎಂದಿನಂತೆ ಸುತ್ತುತ್ತಿರುತ್ತಾನೆ. ಅಮಾವಾಸ್ಯೆ, ಹುಣ್ಣಿಮೆ ಲೆಕ್ಕ ಹಾಕುವ ಪಂಚಾಂಗಕರ್ತರು ಒಂದು ಅಂಕಿಯನ್ನೂ ತಿದ್ದಬೇಕಾಗಿಲ್ಲ. ದೂರದಲ್ಲಿರುವ ವಸ್ತುವಿನ ಮಟ್ಟಿಗೆ ಗುರುತ್ವಾಕರ್ಷಣೆಯ ಲೆಕ್ಕಕ್ಕೆ ಬೇಕಾದದ್ದು ಎರಡೇ: ದ್ರವ್ಯರಾಶಿ ಎಷ್ಟು, ದೂರ ಎಷ್ಟು. ಆ ದ್ರವ್ಯರಾಶಿ ದೊಡ್ಡ ಗೋಳವಾಗಿ ಹರಡಿದೆಯೋ ಗೋಲಿಯಾಗಿ ಮುದುಡಿದೆಯೋ ಎಂಬುದು ಚಂದ್ರನಿಗೆ ತಿಳಿಯುವುದೇ ಇಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿ? ಎಷ್ಟು ಹತ್ತಿರ ಹೋಗಬಹುದು ಎಂಬುದರಲ್ಲಿ. ಸೂರ್ಯನ ಮೇಲ್ಮೈ ಅದರ ಕೇಂದ್ರದಿಂದ ಸುಮಾರು 7 ಲಕ್ಷ ಕಿ.ಮೀ. ದೂರದಲ್ಲಿದೆ. ಅದನ್ನು ದಾಟಿ ಒಳಗೆ ಇಳಿದರೆ ಸೂರ್ಯನ ಒಂದಷ್ಟು ಭಾಗ ನಿಮ್ಮ ತಲೆಯ ಮೇಲೆ ಉಳಿಯುತ್ತದೆ, ಪೂರ್ತಿ ದ್ರವ್ಯರಾಶಿ ನಿಮ್ಮನ್ನು ಒಳಕ್ಕೆ ಎಳೆಯುವುದಿಲ್ಲ. ಅದೇ ಸೂರ್ಯ 3 ಕಿ.ಮೀ. ತ್ರಿಜ್ಯಕ್ಕೆ ಕುಗ್ಗಿದರೆ ಕಪ್ಪುಕುಳಿ. ಆಗ ಸೂರ್ಯನ ಪೂರ್ತಿ ದ್ರವ್ಯರಾಶಿಯನ್ನು ಎದುರಿಗಿಟ್ಟುಕೊಂಡೇ ಹತ್ತು ಕಿಲೋಮೀಟರಿನಷ್ಟು ಹತ್ತಿರ ಸಾಗಬಹುದು. ವಿಚಿತ್ರಗಳೆಲ್ಲ ನಡೆಯುವುದು ಅಲ್ಲಿ. 9 ಕಿ.ಮೀ.ಗಿಂತ ಒಳಗೆ ಯಾವುದೇ ವಸ್ತು ಸ್ಥಿರವಾಗಿ ಸುತ್ತಲಾರದು. ನಾಲ್ಕೂವರೆ ಕಿ.ಮೀ. ಅಂತರದಲ್ಲಿ ಬೆಳಕೇ ವೃತ್ತ ಹಾಕುತ್ತದೆ. 3 ಕಿ.ಮೀ.ನ ಗೆರೆಯನ್ನು ದಾಟಿದ ಮೇಲೆ ಬೆಳಕೂ ಹಿಂದಿರುಗಲಾರದು. ಆ ಗೆರೆಗೆ ಘಟನಾ ದಿಗಂತ ಎಂದು ಹೆಸರು. ಅದು ಗೋಡೆಯಲ್ಲ, ಹೊಸ್ತಿಲೂ ಅಲ್ಲ. ಮುಟ್ಟಿ ನೋಡಲು ಅಲ್ಲಿ ಏನೂ ಇಲ್ಲ. ಹಿಂದಿರುಗುವ ದಾರಿ ಮಾತ್ರ ಅಲ್ಲಿಗೆ ಮುಗಿಯುತ್ತದೆ.

ಹೆಸರಿನಿಂದಲೂ ತೊಂದರೆಯಾಗಿದೆ ಎಂದು ನನಗೆ ಅನಿಸುತ್ತದೆ. ಕಪ್ಪುಕುಳಿ, ಕಪ್ಪುರಂಧ್ರ, ಕೃಷ್ಣವಿವರ, ಯಾವುದನ್ನು ಬಳಸಿದರೂ ಮನಸ್ಸಿಗೆ ಬರುವುದು ಒಂದು ತೂತು, ನೀರನ್ನು ಒಳಗೆಳೆಯುವ ಒಂದು ಸುಳಿ. ಆದರೆ ಅದು ಬರಿದಾದ ತೂತಲ್ಲ. ಅಪಾರ ದ್ರವ್ಯರಾಶಿ ಇಕ್ಕಟ್ಟಾದ ಜಾಗದಲ್ಲಿ ಸೇರಿಕೊಂಡಿರುವ ಒಂದು ಕಾಯ.

ಇದೆಲ್ಲ ಕಾಗದದ ಮೇಲಿನ ಲೆಕ್ಕ ಎಂದು ಯಾರಾದರೂ ಹೇಳಿದರೆ ಉರಗಧರ ನಕ್ಷತ್ರಪುಂಜದ ಕಡೆಗೆ ಕೈ ತೋರಿಸಬಹುದು. ಅಲ್ಲಿ ಸುಮಾರು 1,560 ಜ್ಯೋತಿರ್ವರ್ಷ ದೂರದಲ್ಲಿ ನಮ್ಮ ಸೂರ್ಯನನ್ನೇ ಹೋಲುವ ಒಂದು ನಕ್ಷತ್ರವಿದೆ. ಅದು ಕಣ್ಣಿಗೆ ಕಾಣದ ಏನನ್ನೋ 186 ದಿನಕ್ಕೊಮ್ಮೆ ಸುತ್ತುತ್ತಿದೆ. ಗಾಯಾ ಉಪಗ್ರಹದ ಅಳತೆಗಳಿಂದ ಅದರ ಓಲಾಟ ಗೊತ್ತಾಯಿತು. 2022ರಲ್ಲಿ ಲೆಕ್ಕ ಹಾಕಿದಾಗ ಆ ಕಾಣದ ಜೊತೆಗಾರನ ತೂಕ ಸೂರ್ಯನ ಹತ್ತರಷ್ಟಕ್ಕೆ ಹತ್ತಿರವಿತ್ತು. ಅದು ಕಪ್ಪುಕುಳಿಯೇ, ಹೆಸರು ಗಾಯಾ ಬಿಎಚ್1. ಇಬ್ಬರ ನಡುವಿನ ಅಂತರ ಭೂಮಿಗೂ ಸೂರ್ಯನಿಗೂ ಇರುವ ಅಂತರಕ್ಕಿಂತ ತುಸು ಹೆಚ್ಚು, ಅಷ್ಟೆ. ಆ ನಕ್ಷತ್ರ ತನ್ನ ಪಾಡಿಗೆ ಬೆಳಗುತ್ತಾ ಸುತ್ತುತ್ತಿದೆ. ಯಾರೂ ಅದನ್ನು ಹೀರುತ್ತಿಲ್ಲ. ನಮಗೆ ಗೊತ್ತಿರುವ ಕಪ್ಪುಕುಳಿಗಳಲ್ಲಿ ಅತಿ ಹತ್ತಿರದ್ದು ಹೀಗೆ ತೆಪ್ಪಗಿದೆ ಎಂಬುದು ಶಾಲೆಯ ಪಾಠದಲ್ಲಿ ಬರಬೇಕಾದ ಸಂಗತಿ.

ಹಾಗೆಂದು ಕಪ್ಪುಕುಳಿ ಏನನ್ನೂ ತಿನ್ನುವುದಿಲ್ಲ ಎಂದಲ್ಲ. ರಾಜಹಂಸ ಪುಂಜದ ಸಿಗ್ನಸ್ ಎಕ್ಸ್-1 ನೋಡಿ. 1964ರಲ್ಲಿ ರಾಕೆಟ್ ಹಾರಿಸಿದಾಗ ಅಲ್ಲಿಂದ ಎಕ್ಸ್-ಕಿರಣಗಳು ಬರುತ್ತಿರುವುದು ತಿಳಿಯಿತು. ಸೂರ್ಯನ 21ರಷ್ಟು ತೂಕದ ಆ ಕಪ್ಪುಕುಳಿಯೂ ಒಂದು ದೈತ್ಯ ನಕ್ಷತ್ರವೂ 5.6 ದಿನಕ್ಕೊಮ್ಮೆ ಪರಸ್ಪರ ಸುತ್ತುತ್ತವೆ. ದೈತ್ಯನ ಮೈಯಿಂದ ಬಿರುಗಾಳಿಯಂತೆ ಬೀಸುವ ಅನಿಲದಲ್ಲಿ ಒಂದಷ್ಟು ಇದರ ಕೈಗೆ ಸಿಗುತ್ತದೆ. ಸಿಕ್ಕದ್ದು ನೇರವಾಗಿ ಒಳಗೆ ಬೀಳುವುದಿಲ್ಲ. ಬಚ್ಚಲಿಗೆ ಚೆಲ್ಲಿದ ನೀರು ತೂಬಿನ ಬಳಿ ಸುತ್ತು ಹಾಕಿಕೊಂಡೇ ಇಳಿಯುವುದನ್ನು ನೋಡಿದ್ದೀರಲ್ಲ, ಅದೇ ರೀತಿ ಈ ಅನಿಲಕ್ಕೂ ತಿರುಗುವ ಚಲನೆ ಇದೆ. ಆ ಚಲನೆಯನ್ನು ಕಳೆದುಕೊಳ್ಳದೆ ಅದು ಒಳಗೆ ಇಳಿಯಲಾರದು. ಹಾಗಾಗಿ ಅದು ತಟ್ಟೆಯಂತೆ ಹರಡಿ, ಪದರಕ್ಕೆ ಪದರ ಉಜ್ಜಿ, ಕೋಟಿ ಡಿಗ್ರಿಯವರೆಗೆ ಕಾದು, ಎಕ್ಸ್-ಕಿರಣ ಚೆಲ್ಲುತ್ತಾ ನಿಧಾನವಾಗಿ ಇಳಿಯುತ್ತದೆ. ಸೂರ್ಯನೊಳಗೆ ಹೈಡ್ರೋಜನ್ ಹೀಲಿಯಂ ಆಗುವಾಗ ದ್ರವ್ಯರಾಶಿಯ ಶೇ. 0.7ರಷ್ಟು ಮಾತ್ರ ಶಕ್ತಿಯಾಗುತ್ತದೆ. ಕಪ್ಪುಕುಳಿಯ ಸುತ್ತಲಿನ ತಟ್ಟೆಯಲ್ಲಿ ಅದು ಸುಮಾರು ಶೇ. 6, ವೇಗವಾಗಿ ತಿರುಗುವ ಕುಳಿಯಾದರೆ ಶೇ. 40ರವರೆಗೂ ಏರಬಹುದು. ಕತ್ತಲೆಗೆ ಹೆಸರಾದ ಕಾಯದ ಅಂಗಳವೇ ವಿಶ್ವದ ಅತ್ಯಂತ ಪ್ರಖರ ದೀಪ. 2024ರ ಜನವರಿ 1ರಂದು ಇಸ್ರೊ ಹಾರಿಸಿದ ಎಕ್ಸ್‌ಪೋಸ್ಯಾಟ್ ಇಂಥ ಎಕ್ಸ್-ಕಿರಣಗಳನ್ನೇ ಪರೀಕ್ಷಿಸಲು ಹೋದದ್ದು. ಅದರಲ್ಲಿರುವ ಪೋಲಿಕ್ಸ್ ಉಪಕರಣ ಸಿದ್ಧವಾದದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ.

2019ರ ಏಪ್ರಿಲ್ 10ರಂದು ಪತ್ರಿಕೆಗಳಿಗೆ ಬಿಡುಗಡೆಯಾದ ಕಿತ್ತಳೆ ಬಣ್ಣದ ಉಂಗುರದ ಚಿತ್ರ ನಿಮಗೆ ನೆನಪಿರಬಹುದು. ಎಂ87 ಗೆಲಾಕ್ಸಿಯ ನಡುವಿನ ಕಪ್ಪುಕುಳಿ ಅದು. ಉಂಗುರ ಕಪ್ಪುಕುಳಿಯಲ್ಲ, ಸುತ್ತಲಿನ ಬಿಸಿ ಅನಿಲ. ನಡುವಿನ ಕತ್ತಲು ಅದರ ನೆರಳು. ಕಿತ್ತಳೆ ಬಣ್ಣವನ್ನು ನಾವು ಹಚ್ಚಿದ್ದು, ದೂರದರ್ಶಕಗಳು ಹಿಡಿದದ್ದು ಕಣ್ಣಿಗೆ ಕಾಣದ ರೇಡಿಯೋ ಅಲೆಗಳನ್ನು. ಈ ಕಪ್ಪುಕುಳಿಯ ತೂಕ 650 ಕೋಟಿ ಸೂರ್ಯರಷ್ಟು. ಕಪ್ಪುಕುಳಿ ಎಂದರೆ ಊಹೆಗೂ ನಿಲುಕದ ಸಾಂದ್ರತೆ ಎಂದು ನಾವೆಲ್ಲ ಕಲಿತಿದ್ದೇವೆ. ಇದರ ದಿಗಂತದೊಳಗಿನ ಜಾಗಕ್ಕೆ ಈ ತೂಕವನ್ನು ಸಮನಾಗಿ ಹಂಚಿ ನೋಡಿ: ಸರಾಸರಿ ಸಾಂದ್ರತೆ ನಾವು ಉಸಿರಾಡುವ ಗಾಳಿಗಿಂತಲೂ ಕಡಿಮೆ! ತೂಕ ಹತ್ತು ಪಟ್ಟಾದರೆ ತ್ರಿಜ್ಯವೂ ಹತ್ತು ಪಟ್ಟು, ಗಾತ್ರವಾದರೋ ಸಾವಿರ ಪಟ್ಟು. ಅದಕ್ಕೇ ಹೀಗೆ.

ಕಪ್ಪುಕುಳಿಯೊಳಗೆ ಬೀಳುವವನ ಪಾಡೂ ಇದೇ ಲೆಕ್ಕವನ್ನು ಅನುಸರಿಸುತ್ತದೆ. ಹತ್ತು ಸೂರ್ಯರ ತೂಕದ ಕುಳಿಗೆ ಕಾಲು ಮುಂದಾಗಿ ಬಿದ್ದವನ ಪಾದಕ್ಕೂ ತಲೆಗೂ ಸಿಗುವ ಸೆಳೆತ ಎಷ್ಟು ಬೇರೆಯಾಗುತ್ತದೆ ಎಂದರೆ, ದಿಗಂತ ಇನ್ನೂ ನೂರಾರು ಕಿ.ಮೀ. ದೂರ ಇರುವಾಗಲೇ ಅವನು ಶಾವಿಗೆಯಂತೆ ಎಳೆಎಳೆಯಾಗಿ ಹೋಗುತ್ತಾನೆ. ಎಂ87ರ ಕುಳಿಯ ದಿಗಂತ ದಾಟುವಾಗ, ಸುತ್ತಲಿನ ಬಿಸಿಯನ್ನು ಬದಿಗಿಟ್ಟರೆ, ಮೈಗೆ ಎಳೆತ ತಿಳಿಯುವುದೂ ಇಲ್ಲ.

ಈಗ ನನಗೆ ತುಂಬಾ ಪ್ರೀತಿಯ ಭಾಗಕ್ಕೆ ಬರುತ್ತೇನೆ. ಕಾಣದ ವಸ್ತು ಇದೆ ಎಂದು ಗುರುತಿಸುವುದು ಹೇಗೆ? ಸಂತೆಯಲ್ಲಿ ಮಡಕೆ ಕೊಳ್ಳುವ ಅಜ್ಜಿಯಂದಿರು ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದರು. ದನಿ ಕೇಳಿದರೆ ಸಾಕು, ಸುಟ್ಟದ್ದು ಸರಿಯಾಗಿದೆಯೋ, ಬಿರುಕು ಬಿಟ್ಟಿದೆಯೋ ತಿಳಿಯುತ್ತಿತ್ತು. 1970ರಲ್ಲಿ ಭೌತವಿಜ್ಞಾನಿ ಸಿ.ವಿ. ವಿಶ್ವೇಶ್ವರ ಅವರು ಮಾಡಿದ್ದು ಅದನ್ನೇ, ಗಣಿತದಲ್ಲಿ. ಕನ್ನಡದ ಲೇಖಕ ಸಿ.ಕೆ. ವೆಂಕಟರಾಮಯ್ಯನವರ ಮಗ, ಬೆಂಗಳೂರಿನವರು. ಕಪ್ಪುಕುಳಿಯ ಮೇಲೆ ಒಂದು ಗುರುತ್ವ ಅಲೆಯನ್ನು ಎಸೆದರೆ ಏನಾಗುತ್ತದೆ ಎಂದು ಅವರು ಲೆಕ್ಕ ಹಾಕಿದರು. ಕುಳಿ ಬಡಿದ ಗಂಟೆಯಂತೆ ಮಿಡಿದು, ಬೇಗನೆ ಶಾಂತವಾಗುತ್ತದೆ ಎಂದು ತಿಳಿಯಿತು. ಆ ಮಿಡಿತದ ಸ್ವರ ಕುಳಿಯ ತೂಕವನ್ನೂ ತಿರುಗುವ ವೇಗವನ್ನೂ ಹೇಳಿಬಿಡುತ್ತದೆ. ತಟ್ಟಿದರೆ ಒಡೆದುಹೋಗದ, ಸ್ಥಿರವಾದ ವಸ್ತು ಅದು ಎಂದು ತೋರಿಸಿದವರಲ್ಲೂ ಅವರು ಮುಖ್ಯರು. ಆಗ ಕಪ್ಪುಕುಳಿಗಳಿವೆ ಎಂದೇ ಅನೇಕ ವಿಜ್ಞಾನಿಗಳು ನಂಬಿರಲಿಲ್ಲ.

ಮುಂದೆ ಅವರು ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯವನ್ನು ಕಟ್ಟಿ ಬೆಳೆಸಿದರು. 2015ರ ಸೆಪ್ಟೆಂಬರ್ 14ರಂದು ಗುರುತ್ವ ಅಲೆಗಳನ್ನು ಅಳೆಯುವ ಅಮೆರಿಕದ ಲೈಗೊ ಉಪಕರಣಗಳು 130 ಕೋಟಿ ಜ್ಯೋತಿರ್ವರ್ಷ ಆಚೆ ಎರಡು ಕಪ್ಪುಕುಳಿಗಳು ಡಿಕ್ಕಿ ಹೊಡೆದು ಒಂದಾದ ಕಂಪನವನ್ನು ಹಿಡಿದವು. ಸೂರ್ಯನ 36 ಮತ್ತು 29ರಷ್ಟು ತೂಕದ ಅವೆರಡೂ ಸೇರಿ 62 ಆಯಿತು. ಉಳಿದ ಮೂರು ಸೂರ್ಯರ ತೂಕ ಅಲೆಗಳಾಗಿ ಹರಡಿಹೋಯಿತು. ಸೆಕೆಂಡಿನ ಚೂರು ಹೊತ್ತಿನ ಆ ಅಲೆಯ ಬಾಲದಲ್ಲಿ, ಹೊಸದಾಗಿ ಹುಟ್ಟಿದ ಕುಳಿ ಮಿಡಿದು ಶಾಂತವಾಗುವ ಗುರುತಿತ್ತು. ವಿಶ್ವೇಶ್ವರ ಅವರು ಆ ಸುದ್ದಿಯನ್ನು ಕೇಳಿದರು. 2017ರ ಜನವರಿಯಲ್ಲಿ ತೀರಿಕೊಂಡರು. ನಮ್ಮ ಊರಿನವರೊಬ್ಬರು ಕಾಗದದಲ್ಲಿ ಕೇಳಿಸಿಕೊಂಡ ದನಿಯನ್ನು 45 ವರ್ಷದ ಮೇಲೆ ಜಗತ್ತು ಕೇಳಿಸಿಕೊಂಡಿತು. ಈ ಮಾತನ್ನು ನಮ್ಮ ಮಕ್ಕಳಿಗೆ ನಾವು ಸಾಕಷ್ಟು ಹೇಳಿಲ್ಲ.

ಮತ್ತೆ ತಪ್ಪು ಕಲ್ಪನೆಗಳ ಮಾತಿಗೆ ಬರೋಣ. 2008ರಲ್ಲಿ ಜಿನೀವಾ ಬಳಿ ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರ ಶುರುವಾದಾಗ, ಅದರಲ್ಲಿ ಕಪ್ಪುಕುಳಿ ಹುಟ್ಟಿ ಭೂಮಿಯನ್ನು ನುಂಗುತ್ತದೆ ಎಂಬ ಭಯ ಹಬ್ಬಿತ್ತು. ಆ ಯಂತ್ರದ ಕಣಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಶಕ್ತಿಯ ವಿಶ್ವಕಿರಣಗಳು 450 ಕೋಟಿ ವರ್ಷಗಳಿಂದ ಭೂಮಿಗೆ ಬಡಿಯುತ್ತಲೇ ಇವೆ. ಭೂಮಿ ಇಲ್ಲೇ ಇದೆ. ಕಪ್ಪುಕುಳಿಗಳು ಆವಿಯಾಗುತ್ತವೆ ಎಂದು ಸ್ಟೀಫನ್ ಹಾಕಿಂಗ್ 1974ರಲ್ಲಿ ಹೇಳಿದ್ದನ್ನು ಕೇಳಿ ಅವು ಬೇಗ ಕರಗುತ್ತವೆ ಎಂದುಕೊಳ್ಳುವುದೂ ತಪ್ಪು. ಸೂರ್ಯನಷ್ಟು ತೂಕದ ಕುಳಿಯ ಉಷ್ಣತೆ ಪರಮ ಶೂನ್ಯಕ್ಕಿಂತ ಒಂದು ಡಿಗ್ರಿಯ ಕೋಟಿಯಲ್ಲೊಂದು ಪಾಲಿನಷ್ಟೂ ಹೆಚ್ಚಿಲ್ಲ. ಸುತ್ತಲಿನ ಆಕಾಶವೇ ಅದಕ್ಕಿಂತ ಬೆಚ್ಚಗಿರುವುದರಿಂದ ಸದ್ಯಕ್ಕೆ ಅದು ಕಳೆದುಕೊಳ್ಳುವುದಕ್ಕಿಂತ ಪಡೆದುಕೊಳ್ಳುವುದೇ ಹೆಚ್ಚು.

ಏಪ್ರಿಲ್ ತಿಂಗಳ ನಸುಕಿನಲ್ಲಿ, ಊರ ದೀಪಗಳಿಂದ ದೂರ ನಿಂತು ದಕ್ಷಿಣಕ್ಕೆ ಮುಖ ಮಾಡಿ. ವೃಶ್ಚಿಕದ ಬಾಲದ ಕೊಂಡಿ ಕಾಣುತ್ತದೆ. ಅದರ ಮೇಲೆ, ತುಸು ಎಡಕ್ಕೆ, ಹಾಲಿನಂಥ ಬೆಳಕು ದಟ್ಟವಾಗುವ ಕಡೆ ನಮ್ಮ ಆಕಾಶಗಂಗೆಯ ನಡುಭಾಗ. ಅಲ್ಲಿರುವ ಕಪ್ಪುಕುಳಿಯ ತೂಕ 43 ಲಕ್ಷ ಸೂರ್ಯರಷ್ಟು. ಎಸ್2 ಎಂಬ ನಕ್ಷತ್ರ ಅದನ್ನು 16 ವರ್ಷಕ್ಕೊಮ್ಮೆ ಸುತ್ತುತ್ತದೆ. 2018ರ ಮೇ ತಿಂಗಳಲ್ಲಿ ಅತಿ ಹತ್ತಿರ ಬಂದಾಗ ಅದರ ವೇಗ ಸೆಕೆಂಡಿಗೆ 7,000 ಕಿ.ಮೀ. ಮೀರಿತ್ತು. ಅದು ಬೀಳಲಿಲ್ಲ, ತಿರುವು ತೆಗೆದುಕೊಂಡು ಹೊರಟುಹೋಯಿತು. ಜೊತೆಯಲ್ಲಿ ಮಕ್ಕಳಿದ್ದರೆ ಆ ದಿಕ್ಕಿಗೆ ಕೈ ತೋರಿಸಿ ಇಷ್ಟು ಹೇಳಿ: ಅದು ಇಲ್ಲಿಂದ ಸುಮಾರು 27 ಸಾವಿರ ಜ್ಯೋತಿರ್ವರ್ಷ ದೂರದಲ್ಲಿದೆ, ನಮ್ಮ ಕಡೆಗೆ ಬರುತ್ತಿಲ್ಲ.