ಅರಿಶಿನದ ಅಣುವಿನೊಳಗೊಂದು ಕನ್ನಡಿ

ಆರತಿ ತಟ್ಟೆಯ ನೀರಿಗೆ ಅರಿಶಿನ ಕದಡಿ ಚಿಟಿಕೆ ಸುಣ್ಣ ಬೆರೆಸಿದರೆ ಹಳದಿ ಹೋಗಿ ಕೆಂಪೇರುತ್ತದೆ. ನಮ್ಮ ಮಕ್ಕಳು ಮನೆಯಲ್ಲೇ ಕಾಣುವ ಮೊದಲ ರಸಾಯನಶಾಸ್ತ್ರದ ಪ್ರಯೋಗ ಬಹುಶಃ ಇದೇ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಸುಮಾರು 425 ನ್ಯಾನೋಮೀಟರ್ ಸುತ್ತಿನ ನೀಲಿ-ನೇರಳೆ ಬೆಳಕನ್ನು ನುಂಗುತ್ತದೆ, ಹಾಗಾಗಿ ಹಳದಿಯಾಗಿ ಕಾಣುತ್ತದೆ. ಸುಣ್ಣ ಅದರ ತುದಿಯ ಜಲಜನಕವನ್ನು ಕಿತ್ತುಕೊಂಡಾಗ ನುಂಗುವ ಬೆಳಕು ಇನ್ನೂ ಉದ್ದದ ಅಲೆಯತ್ತ ಸರಿಯುತ್ತದೆ.

1815ರಲ್ಲಿ ವೋಗೆಲ್ ಮತ್ತು ಪೆಲೆಟಿಯೆ ಈ ಬಣ್ಣವನ್ನು ಅರಿಶಿನದಿಂದ ಬೇರ್ಪಡಿಸಿದರು. ಅದರೊಳಗೆ ಯಾವ ಪರಮಾಣು ಯಾವುದಕ್ಕೆ ಅಂಟಿಕೊಂಡಿದೆ ಎಂದು ಮಿಲೊಬೆಂಜ್ಕಾ, ಕೊಸ್ಟಾನೆಕಿ ಮತ್ತು ಲಾಂಪೆ ಬರೆದು ತೋರಿಸುವ ಹೊತ್ತಿಗೆ 1910 ಬಂದಿತ್ತು. ಆ ಕಾಲದ ರಸಾಯನಶಾಸ್ತ್ರಜ್ಞರಿಗಿದ್ದ ಮುಖ್ಯ ದಾರಿ ಒಡೆದು ನೋಡುವುದು. ಅಣುವನ್ನು ಚೂರಾಗಿಸಿ, ಒಂದೊಂದು ಚೂರನ್ನೂ ಗುರುತಿಸಿ, ಇಡಿಯ ರೂಪ ಹೇಗಿದ್ದಿರಬೇಕು ಎಂದು ಹಿಂದಕ್ಕೆ ಲೆಕ್ಕ ಹಾಕುವುದು. ಆ ತಾಳ್ಮೆಗೆ ಕೈ ಮುಗಿಯಬೇಕು. ಇಂದು ಕೆಲವು ಮಿಲಿಗ್ರಾಂ ಪುಡಿ ಸಾಕು.

ಅರಿಶಿನದ ಸಾರವನ್ನು ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಟ್ಟರೆ ಅದು ಅಣುಗಳ ತೂಕ ಹೇಳುತ್ತದೆ: 368, 338, 308. ಒಂದಕ್ಕೊಂದು 30ರ ಅಂತರ. ಒಂದು ಮೆಥಾಕ್ಸಿ ಗುಂಪು ಕಳಚಿ ಆ ಜಾಗದಲ್ಲಿ ಬರಿಯ ಜಲಜನಕ ಕೂತರೆ ಸರಿಯಾಗಿ 30 ಕಡಿಮೆಯಾಗುತ್ತದೆ. ಅಂದರೆ ಅಲ್ಲಿರುವುದು ಕರ್ಕ್ಯುಮಿನ್ ಒಂದೇ ಅಲ್ಲ, ಅದರ ಇಬ್ಬರು ತಂಗಿಯರೂ ಇದ್ದಾರೆ.

ಅವಕೆಂಪು ರೋಹಿತದಲ್ಲಿ ಮೊದಲ ಅನುಮಾನ ಹುಟ್ಟುತ್ತದೆ. ಸಾಮಾನ್ಯ ಕೀಟೋನು 1700 ಸೆಂ.ಮೀ.⁻¹ರ ಆಸುಪಾಸಿನಲ್ಲಿ ತೋರಬೇಕಾದ ಬಲವಾದ ಪಟ್ಟಿ ಇಲ್ಲಿ 1630ರ ಹತ್ತಿರಕ್ಕೆ ಇಳಿದಿರುತ್ತದೆ. 1910ರಲ್ಲಿ ಬರೆದ ಹಳೆಯ ಚಿತ್ರದಲ್ಲಿ ಎರಡು ಕೀಟೋನುಗಳಿವೆಯಲ್ಲ, ಅವು ಎಲ್ಲಿ ಹೋದವು?

ಉತ್ತರ ಸಿಗುವುದು ಎನ್‌ಎಂಆರ್‌ನಲ್ಲಿ, ಅಂದರೆ ಪರಮಾಣು ಬೀಜಗಳ ಕಾಂತೀಯ ಅನುರಣನದಲ್ಲಿ. ಪುಡಿಯನ್ನು ದ್ರಾವಕದಲ್ಲಿ ಕರಗಿಸಿ, ತೆಳುಗಾಜಿನ ನಳಿಕೆಯಲ್ಲಿ ಬಲವಾದ ಕಾಂತದ ನಡುವೆ ಇಳಿಸುತ್ತಾರೆ. 9.4 ಟೆಸ್ಲಾ ಕಾಂತಕ್ಷೇತ್ರದಲ್ಲಿ ಜಲಜನಕದ ಬೀಜಗಳು ಸುಮಾರು 400 ಮೆಗಾಹರ್ಟ್ಸ್ ರೇಡಿಯೊ ಅಲೆಗೆ ಓಗೊಡುತ್ತವೆ. ನೆರೆಹೊರೆ ಬೇರೆಯಾದರೆ ಓಗೊಡುವ ಜಾಗವೂ ತುಸು ಬೇರೆ. ಎರಡು ಕೀಟೋನುಗಳ ನಡುವಿನ ಇಂಗಾಲಕ್ಕೆ ಎರಡು ಜಲಜನಕಗಳಿದ್ದು, ಅವು 4 ಪಿಪಿಎಂ ಹತ್ತಿರ ಕಾಣಬೇಕಿತ್ತು. ಬದಲಿಗೆ 5.8ರಲ್ಲಿ ಒಂದೇ ಒಂದು ಜಲಜನಕ ಕಾಣುತ್ತದೆ. ಇನ್ನೊಂದು ಎದ್ದು ಹೋಗಿ ಎರಡು ಆಮ್ಲಜನಕಗಳ ನಡುವೆ ಕೂತಿದೆ. ರೋಹಿತದ ದೂರದ ಎಡಗಡೆ, 16ರ ಬಳಿ, ಅದರ ಸಣ್ಣ ಗುರುತು ಸಿಗುತ್ತದೆ. ಕಾಗದದ ಮೇಲಿನ ಡೈಕೀಟೋನು ದ್ರಾವಣದಲ್ಲಿ ಈನಾಲ್ ಆಗಿ ಬದುಕುತ್ತಿದೆ. ಪಠ್ಯಗಳು ಹಳೆಯ ಚಿತ್ರವನ್ನೇ ಮತ್ತೆ ಮತ್ತೆ ಅಚ್ಚು ಹಾಕುವುದು ಕಂಡಾಗ ನನಗೆ ಬೇಸರವಾಗುತ್ತದೆ. ಅಣು ತಾನೇ ಹೇಳಿಕೊಂಡ ಮಾತಿಗೆ ಅಲ್ಲಿ ಜಾಗವಿಲ್ಲ.

ನನ್ನನ್ನು ಇನ್ನೂ ಬೆರಗಾಗಿಸುವುದು ಇಂಗಾಲದ ಎನ್‌ಎಂಆರ್ ರೋಹಿತ. ಕರ್ಕ್ಯುಮಿನ್‌ನಲ್ಲಿ 21 ಇಂಗಾಲಗಳಿವೆ, ಗೆರೆಗಳು ಮಾತ್ರ 11. ಆ ಜಲಜನಕ ಒಂದು ಆಮ್ಲಜನಕದಿಂದ ಇನ್ನೊಂದಕ್ಕೆ ಯಂತ್ರದ ಕಣ್ಣಿಗೆ ಸಿಗದಷ್ಟು ಬೇಗ ಜಿಗಿಯುತ್ತಿರುವುದರಿಂದ ಅಣುವಿನ ಎಡ-ಬಲ ಕನ್ನಡಿಯ ಬಿಂಬದಂತೆ ಒಂದೇ ಆಗಿ ಕಾಣುತ್ತವೆ. 338 ತೂಕದ ತಂಗಿಗೆ ಒಂದು ಬದಿಯ ಮೆಥಾಕ್ಸಿ ಇಲ್ಲ. ಕನ್ನಡಿ ಒಡೆಯುತ್ತದೆ, 20 ಇಂಗಾಲಗಳು 18 ಬಗೆಯಾಗಿ ಚದುರುತ್ತವೆ. 308ರವಳಲ್ಲಿ ಇನ್ನೊಂದು ಬದಿಯದೂ ಇಲ್ಲ. ಕನ್ನಡಿ ಮತ್ತೆ ಕೂಡಿಕೊಳ್ಳುತ್ತದೆ: ಇಂಗಾಲ 19, ಬಗೆ ಎಂಟೇ.