ಮಧುಮೇಹಿಗಳ ಕಾಲುರಿಯೂ ಸುಗಂಧತೈಲದ ಮರ್ದನವೂ

ಕಾಳಗಿ, ಚಿತ್ತಾಪುರ, ಶಹಾಬಾದ ಸೀಮೆಯ ಮನೆಗಳಲ್ಲಿ ರಾತ್ರಿ ಊಟವಾದ ಮೇಲೆ ಹಿರಿಯರು ಹಾಸುಗಲ್ಲಿನ ಮೇಲೆ ಕಾಲು ಚಾಚಿ ಕುಳಿತು, ಕುಸುಬಿ ಎಣ್ಣೆ ತಿಕ್ಕಿಸಿಕೊಳ್ಳುವುದನ್ನು ನಾವು ಕಂಡಿದ್ದೇವೆ. ಅವರಲ್ಲಿ ಮಧುಮೇಹವುಳ್ಳವರು ಹೇಳುವ ಮಾತು ಬಹುಮಟ್ಟಿಗೆ ಒಂದೇ: ಅಂಗಾಲು ಉರಿಯುತ್ತದೆ, ಇರುವೆ ಹರಿದಂತಾಗುತ್ತದೆ, ತಿಕ್ಕಿದರೆ ಹಾಯೆನಿಸುತ್ತದೆ. ಇದೇ ಉಪಚಾರವು ಲ್ಯಾವೆಂಡರ್ ಮೊದಲಾದ ಪರಿಮಳದ್ರವ್ಯಗಳನ್ನು ಕೂಡಿಸಿಕೊಂಡು ‘ಅರೋಮಾಥೆರಪಿ’ ಎಂಬ ಹೆಸರಿನಿಂದ ಪೇಟೆಗೆ ಬಂದಿದೆ. (ಹೆಸರಿನ ಹೋಲಿಕೆಗೆ ಮೋಸಹೋಗಬಾರದು. ನಮ್ಮ ಲಾವಂಚ ಹುಲ್ಲಿನ ಬೇರು. ಲ್ಯಾವೆಂಡರ್ ತುಳಸಿಯ ಕುಲಕ್ಕೆ ಸೇರಿದ ಹೂಗಿಡ.) ಹಾಯೆನಿಸುವುದು ನಿಜವಾದರೆ ಅದು ಕೈಯ ಗುಣವೋ, ಪರಿಮಳದ ಗುಣವೋ?

ಕಾಲ್ಬೆರಳಿನಿಂದ ಬೆನ್ನುಹುರಿಗೆ ಹೋಗುವ ನರತಂತು ಸುಮಾರು ಒಂದು ಮೀಟರು ಉದ್ದವಿದ್ದು, ಅಷ್ಟೂ ಒಂದೇ ಜೀವಕೋಶದ ಎಳೆಯಾಗಿರುತ್ತದೆ. ರಕ್ತದಲ್ಲಿ ಸಕ್ಕರೆಯು ಬಹುಕಾಲ ಹೆಚ್ಚಾಗಿದ್ದರೆ ಈ ಎಳೆಗೂ ಅದನ್ನು ಪೋಷಿಸುವ ಕಿರುನಾಳಗಳಿಗೂ ಹಾನಿ ತಟ್ಟುತ್ತದೆ. ಅತಿ ಉದ್ದವಾದ ಎಳೆಗಳು ಮೊದಲು ಕೆಡುವುದರಿಂದ ಬೇನೆಯು ಪಾದದಲ್ಲಿ ತೊಡಗಿ, ಕಾಲುಚೀಲ ತೊಟ್ಟಂತೆ ಮೇಲೇರುತ್ತದೆ.

ಎಳೆಗಳಲ್ಲಿಯೂ ಭೇದವುಂಟು. ಸ್ಪರ್ಶವನ್ನು ಒಯ್ಯುವ ದಪ್ಪ ತಂತುಗಳಲ್ಲಿ ಸಂಕೇತವು ಸೆಕೆಂಡಿಗೆ ಸುಮಾರು 50 ಮೀಟರು ಧಾವಿಸುತ್ತದೆ. ಉರಿನೋವಿನ ತೆಳ್ಳನೆಯ ತಂತುಗಳಲ್ಲಿ 1 ಮೀಟರಿನ ಆಸುಪಾಸಿನಲ್ಲಿ ತೆವಳುತ್ತದೆ. ಬೆನ್ನುಹುರಿಯಲ್ಲಿ ಒಂದು ಬಗೆಯ ದ್ವಾರವಿದೆಯೆಂದೂ, ದಪ್ಪ ತಂತುಗಳ ಸಂಕೇತ ಬಂದಾಗ ಅದು ನೋವಿನ ಸಂಕೇತಕ್ಕೆ ಅರೆ ಮುಚ್ಚಿಕೊಳ್ಳುತ್ತದೆಂದೂ 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಪ್ರತಿಪಾದಿಸಿದರು. ಅವರ ಚಿತ್ರದ ವಿವರಗಳು ಮುಂದೆ ತಿದ್ದುಪಡಿಗೊಂಡರೂ ಮೂಲ ಕಲ್ಪನೆ ಉಳಿದಿದೆ. ಮೊಣಕಾಲು ಕಲ್ಲಿಗೆ ಬಡಿದೊಡನೆ ನಾವು ಅದನ್ನು ಉಜ್ಜಿಕೊಳ್ಳುವುದು ಇದರಿಂದಲೇ ಅರ್ಥವಾಗುತ್ತದೆ. ಆದರೆ ಮಧುಮೇಹದಲ್ಲಿ ದಪ್ಪ ತಂತುಗಳೂ ಸೊರಗುವುದರಿಂದ ಎಲ್ಲರಿಗೂ ಸಮಾನವಾದ ಉಪಶಮನ ಸಿಕ್ಕುವುದಿಲ್ಲ. ಕೆಟ್ಟ ನರವಂತೂ ಮರ್ದನದಿಂದ ಸರಿಯಾಗದು.

ಇನ್ನು ಪರಿಮಳ. 2017ರಲ್ಲಿ ಪ್ರಕಟವಾದ ತುರ್ಕಿ ದೇಶದ ಒಂದು ಪ್ರಯೋಗದಲ್ಲಿ 46 ಮಂದಿ ರೋಗಿಗಳಿದ್ದರು. ಒಂದು ಗುಂಪಿಗೆ ನಾಲ್ಕು ವಾರ, ವಾರಕ್ಕೆ ಮೂರು ಸಲ ಸುಗಂಧತೈಲದ ಮರ್ದನವಾಯಿತು. ಅವರ ನೋವು ಇಳಿಯಿತು. ಆದರೆ ಇನ್ನೊಂದು ಗುಂಪಿಗೆ ಮರ್ದನವೇ ಇರಲಿಲ್ಲ! ಎರಡು ಅಂಶಗಳನ್ನು ಒಟ್ಟಿಗೆ ಬದಲಿಸಿದರೆ ಫಲ ಯಾವುದರದೆಂದು ಹೇಳುವುದೆಂತು? ಇರಾನಿನವರು 2021ರಲ್ಲಿ ಪ್ರಕಟಿಸಿದ, 75 ಮಂದಿಯ ಪ್ರಯೋಗದಲ್ಲಿ ಪರಿಮಳವಿಲ್ಲದ ಮರ್ದನದ ಗುಂಪನ್ನೂ ಇಟ್ಟರು. ಲ್ಯಾವೆಂಡರಿನ ಗುಂಪೇ ಮೇಲಾಯಿತು. ಆದರೂ ಮೂಗಿನಿಂದ ಪರಿಮಳವನ್ನು ಮರೆಮಾಡುವಂತಿಲ್ಲ. ರೋಗಿಯ ನಿರೀಕ್ಷೆಯೂ ತಕ್ಕಡಿಯಲ್ಲಿ ಕುಳಿತಿರುತ್ತದೆ. ಪರಿಮಳಕ್ಕೆ ಸ್ವಲ್ಪ ಪಾಲು ಇರಬಹುದು, ಸಿದ್ಧವಾಗಿಲ್ಲ ಎಂಬುದೇ ನನ್ನ ಅಭಿಪ್ರಾಯ.

ನಿಜವಾದ ಭಯವಿರುವುದು ಎಣ್ಣೆಯ ಬಿಸಿಯಲ್ಲಿ. ಸುಮಾರು 43 ಡಿಗ್ರಿ ಸೆಂಟಿಗ್ರೇಡಿನಲ್ಲಿ ಚರ್ಮಕ್ಕೆ ಬಿಸಿಯು ನೋವಾಗಿ ತೋರತೊಡಗುತ್ತದೆ. 44 ಡಿಗ್ರಿಯ ಸ್ಪರ್ಶದಿಂದ ಸುಡಲು ಕೆಲವು ಗಂಟೆಗಳು ಬೇಕು. 60 ಡಿಗ್ರಿಗೆ ಐದಾರು ಸೆಕೆಂಡು ಸಾಕು. ಮರಗಟ್ಟಿದ ಪಾದದಲ್ಲಿ ಈ ಎಚ್ಚರಿಕೆಯ ಗಂಟೆ ಬಾರಿಸುವುದೇ ಇಲ್ಲ. ನೀರಾದರೆ ಹಬೆಯಾಡಿ, ಕುದಿದು ತನ್ನ ಬಿಸಿಯನ್ನು ಸಾರುತ್ತದೆ. ಎಣ್ಣೆಯು 100 ಡಿಗ್ರಿ ದಾಟಿದರೂ ಶಾಂತವಾಗಿ ತೋರುತ್ತದೆ. ನನ್ನ ಪರಿಚಯದ ವೃದ್ಧರೊಬ್ಬರು ಒಲೆಯಿಂದಿಳಿಸಿದ ಎಣ್ಣೆಯನ್ನು ತಾವೇ ಪಾದಕ್ಕೆ ಸುರಿದುಕೊಂಡರು. ಮರುದಿನ ಬೊಬ್ಬೆಗಳನ್ನು ಕಂಡವರು ಮನೆಯವರು. ಅವರಿಗೆ ತಿಳಿದೇ ಇರಲಿಲ್ಲ. ಗಾಯ ಮಾಯಲು ತಿಂಗಳುಗಳು ಹಿಡಿದವು. ಮೇ ತಿಂಗಳ ಬಿಸಿಲಿನಲ್ಲಿ ಕಾದ ಶಹಾಬಾದಿನ ಹಾಸುಗಲ್ಲೂ ಬರಿಗಾಲಿಗೆ ಇಂಥದೇ ವೈರಿ.

ಸ್ಪರ್ಶಜ್ಞಾನ ಎಷ್ಟು ಉಳಿದಿದೆಯೆಂದು ಅಳೆಯುವ ಉಪಕರಣವೊಂದು ಭೌತವಿಜ್ಞಾನದ ವಿದ್ಯಾರ್ಥಿಗೆ ಹಳೆಯ ಗೆಳೆಯ: ಶ್ರುತಿಕವೆ. ಸೆಕೆಂಡಿಗೆ 128 ಸಲ ಕಂಪಿಸುವ ಕವೆಯನ್ನು ವೈದ್ಯರು ಕಾಲಿನ ಹೆಬ್ಬೆರಳ ಮೂಳೆಗೆ ಮುಟ್ಟಿಸುತ್ತಾರೆ. ಕಂಪನ ತಿಳಿಯದವರು ತಮ್ಮ ಪಾದವನ್ನು ನಂಬುವಂತಿಲ್ಲ. ಅಂಥವರ ಎಣ್ಣೆಯ ಬಿಸಿಯನ್ನು ಬೇರೊಬ್ಬರು ನೋಡಬೇಕು. ಗಾಯದ ಮೇಲೆ ಮರ್ದನ ಕೂಡದು. ಸುಗಂಧತೈಲವನ್ನು ಬೇರೆ ಎಣ್ಣೆಯಲ್ಲಿ ತೆಳುಗೊಳಿಸದೆ ಹಚ್ಚಿದರೆ ಚರ್ಮ ಕೆರಳುತ್ತದೆ. ಸಕ್ಕರೆಯ ಔಷಧವನ್ನಂತೂ ಬಿಡಬಾರದು.

ಆ ವೃದ್ಧರ ಮನೆಯಲ್ಲಿ ಈಗಲೂ ರಾತ್ರಿ ಕಾಲು ತಿಕ್ಕುತ್ತಾರೆ. ಎಣ್ಣೆಯನ್ನು ಮಾತ್ರ ಮೊಮ್ಮಗಳು ಮೊದಲು ತನ್ನ ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟುಕೊಂಡು ನೋಡುತ್ತಾಳೆ.